ಪಿ.ಬಿ. ಶ್ರೀನಿವಾಸ್ ಅವರದು ಬರೀ ‘ಮೈಕಿನ ದನಿ’ಯೇ? ಅಪ್ಪನ ಮಾತಿಗೆ ಏನು ಹೇಳಲಿ?

ಕಡಬ ಕೆರೆ ಏರಿ, ಗುಬ್ಬಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಹಾಡು ಕೇಳುವವರು, ಹಾಡುವವರು ಇಬ್ಬರೂ ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಾರೆ. ಸುಗ್ಗಿ ಮುಗಿಯಿತು ಅಂದರೆ ಯಾವುದಾದರೂ ಊರಿನಲ್ಲಿ ಕುರುಕ್ಷೇತ್ರ ಶುರು. ಎರಡು ಮೂರು ತಿಂಗಳು ರಾತ್ರಿ ಹೊತ್ತು ಅಭ್ಯಾಸ. ಹಗಲು ಆಟೋ ಓಡಿಸುವವರು ರಾತ್ರಿ ಭೀಮ, ಗೊಬ್ಬರದ ಅಂಗಡಿಯವರು ಕೃಷ್ಣ. ಅವರ ಗಂಟಲಿಗೆ ಕಂದಪದ್ಯ ಕೂರಿಸುವುದು ಅಪ್ಪನ ಕೆಲಸ. ನಾಟಕದ ದಿನ ರಾತ್ರಿ ಪರದೆ ಎದ್ದರೆ ಗದಾಯುದ್ಧ ಬರುವ ಹೊತ್ತಿಗೆ ಕೋಳಿ ಕೂಗುತ್ತದೆ. ಈಗ ಎಲ್ಲ ಕಡೆ ಮೈಕ್ ಇದೆ. ಅಪ್ಪನಿಗೆ ಕಲಿಸಿದ ಗುರುಗಳು ಮಾತ್ರ ಮೈಕ್ ಇಲ್ಲದೆ ಹಾಡಿದವರು.

ಮೊನ್ನೆ ಊಟದ ಹೊತ್ತಿನಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಸಿನಿಮಾ ಹಾಡು ಹಾಕಿದ್ದೆ. ನನಗೆ ಅವರ ದನಿ ಎಂದರೆ ಪ್ರಾಣ. ಅಪ್ಪ ಮುದ್ದೆ ಮುರಿಯುತ್ತಾ, “ಚೆನ್ನಾಗಿದೆ ಕಣಮ್ಮ. ಆದರೆ ಇದು ಮೈಕಿನ ದನಿ. ಮೈಕ್ ತೆಗೆದರೆ ಮೂರನೇ ಸಾಲಿಗೆ ಕೇಳಲ್ಲ. ದನಿ ಅಂದರೆ ಕೊನೇ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿರೋನನ್ನ ಎಬ್ಬಿಸಬೇಕು” ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪನ ಮಾತು ಸುಳ್ಳು ಅನ್ನಿಸಲಿಲ್ಲ, ಒಪ್ಪಲೂ ಆಗಲಿಲ್ಲ. ಇನ್ನೊಂದು ವಿಷಯ ಹೇಳಬೇಕು. ಎರಡು ವರ್ಷದಿಂದ ಅಪ್ಪನ ಗಂಟಲು ಮೇಲಿನ ಸ್ವರಕ್ಕೆ ಹೋಗುತ್ತಿಲ್ಲ. ಹೋದರೂ ಒಡೆಯುತ್ತದೆ. ಅದಕ್ಕೇ ಈ ಮಾತು ಅವರಿಗೆ ಇನ್ನೂ ಮುಖ್ಯ ಆಗಿರಬೇಕು.

ನಿಮಗೆ ಏನನ್ನಿಸುತ್ತದೆ? ದೊಡ್ಡ ದನಿ ಅಂದರೆ ಯಾವುದು?

ಟೌನ್‌ಹಾಲ್ ಸರ್ಕಲ್, ತುಮಕೂರು:

ಅಕ್ಕ, ನಾನು ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಬಿಡುವಿರುವುದಿಲ್ಲ. ಅಪ್ಪಾಜಿ ಹೇಳಿದ್ದರಲ್ಲಿ ಅರ್ಧ ನಿಜ. ಪಿ.ಬಿ.ಎಸ್. ಹಾಡನ್ನು ಸ್ಟೇಜಿನ ಮೇಲೆ ಹಾಡುವುದು ಬಹಳ ಕಷ್ಟ. ಕೀಬೋರ್ಡು, ರಿದಂ ಪ್ಯಾಡಿನ ಸದ್ದಿನಲ್ಲಿ ಆ ಕೆಳಗಿನ ಸ್ವರ ಮುಳುಗುತ್ತದೆ. ಶ್ರುತಿ ಏರಿಸಿದರೆ ಜನರಿಗೆ ಕೇಳುತ್ತದೆ, ಆದರೆ ಹಾಡಿನ ತಂಪು ಹೋಗುತ್ತದೆ.

ಇನ್ನರ್ಧ ಏನು ಗೊತ್ತಾ? ಆ ತಂಪನ್ನು ಮೈಕ್ ತಂದುಕೊಡುವುದಿಲ್ಲ. ಹನ್ನೊಂದು ವರ್ಷದಿಂದ ನನ್ನ ಮುಂದೆಯೂ ಮೈಕ್ ಇದೆ. ಆ ತಂಪಿಗಾಗಿ ಇವತ್ತಿಗೂ ಅಭ್ಯಾಸ ಮಾಡುತ್ತಲೇ ಇದ್ದೇನೆ.

ಕಿವಿಮಾತು, ತುಮಕೂರು:

ನಾನು ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿರುವವಳು. ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಮೈಕ್ ಇಲ್ಲದೆ ಕೊನೇ ಸಾಲಿಗೆ ಮುಟ್ಟುವುದು ಸುಮ್ನೆ ಜೋರಾಗಿ ಕೂಗಿದರೆ ಆಗುವ ಕೆಲಸ ಅಲ್ಲ. ಪಾಶ್ಚಾತ್ಯ ದೇಶಗಳ ಒಪೆರಾ ಗಾಯಕರಲ್ಲಿ ಇದನ್ನು ಅಳೆದು ನೋಡಿದ್ದಾರೆ. ಪಳಗಿದ ಗಾಯಕ ಹಾಡುವಾಗ ಗಂಟಲಿನ ಪೆಟ್ಟಿಗೆಗೆ ಸ್ವಲ್ಪ ಮೇಲಿನ ಜಾಗ ಕಿರಿದಾದ ಕೊಳವೆಯಂತೆ ಆಗುತ್ತದೆ. ಆಗ 3000 ಹರ್ಟ್ಸ್ ಆಸುಪಾಸಿನಲ್ಲಿ ದನಿಗೆ ಒಂದು ಹೊಳಪು ಬರುತ್ತದೆ. ವಾದ್ಯಮೇಳದ ಶಕ್ತಿ ಹೆಚ್ಚಾಗಿ ಅದಕ್ಕಿಂತ ಕೆಳಗಿರುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವುದೂ 2000ದಿಂದ 5000 ಹರ್ಟ್ಸ್ ನಡುವೆಯೇ. ಹಾಗಾಗಿ ಅಷ್ಟು ವಾದ್ಯ ನುಡಿಯುತ್ತಿದ್ದರೂ ದನಿ ಸೀಳಿಕೊಂಡು ಬರುತ್ತದೆ. ನಮ್ಮಲ್ಲಿ ‘ಕಂಚಿನ ಕಂಠ’ ಅನ್ನುತ್ತಾರಲ್ಲ, ಆ ಮಾತು ಕೇಳಿದಾಗೆಲ್ಲ ನನಗೆ ಈ ಹೊಳಪೇ ನೆನಪಾಗುತ್ತದೆ.

ಈಗ ಮೈಕಿನ ವಿಷಯ. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಶುರುವಾಗಿದ್ದು 1925ರಲ್ಲಿ. ಅದಕ್ಕೆ ಮುಂಚೆ ದೊಡ್ಡ ಕೊಂಬಿನ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ಮೈಕ್ ಬಂದ ಮೇಲೆ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡಬಹುದು ಅಂತಾಯಿತು. ಆದರೆ ಮೈಕ್ ದನಿಯನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ಉಸಿರನ್ನು, ತುಟಿಯ ಸದ್ದನ್ನು, ಸ್ವರ ಕೂದಲೆಳೆಯಷ್ಟು ಜಾರಿದ್ದನ್ನು ಕೂಡ ದೊಡ್ಡದು ಮಾಡುತ್ತದೆ. ಮೆತ್ತಗೆ ಹಾಡುವವರಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಉಸಿರಿನ ಒತ್ತಡ ಕಡಿಮೆ ಇಟ್ಟುಕೊಂಡು ಸ್ವರವನ್ನು ಅಲುಗದಂತೆ ನಿಲ್ಲಿಸುವುದು ಎಷ್ಟು ಕಷ್ಟ ಅನ್ನುವುದನ್ನು ನಾನು ದಿನಾ ನೋಡುತ್ತೇನೆ. ಹಾಗಾಗಿ ‘ಮೈಕಿನ ದನಿ’ ಅನ್ನುವುದು ಬೈಗುಳ ಅಲ್ಲ. ಅದು ಇನ್ನೊಂದು ವಿದ್ಯೆ.

ಕಡಬ ಕೆರೆ ಏರಿ:

ಮೇಡಂ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಕೊಳವೆಯ ವಿಷಯ ಬಂದಾಗ ತಲೆ ಆಡಿಸಿದರು. “ನಮ್ಮ ಗುರುಗಳು ದನಿಯನ್ನ ಹಣೆಗೆ ಕಳಿಸು, ಗಂಟಲಲ್ಲಿ ಹಿಡೀಬೇಡ ಅಂತಿದ್ದರು, ಅದೇ ಇರಬೇಕು” ಅಂದರು. ಮೈಕಿನ ವಿಷಯಕ್ಕೆ ಏನೂ ಹೇಳಲಿಲ್ಲ.

ಕೋಟೆ ಬೀದಿ, ಕೋಲಾರ:

ನೋಡಮ್ಮ, ನಿಮ್ಮ ಗುಬ್ಬಿಯ ಹೆಸರು ಬಂದ ಮೇಲೆ ನಾನು ಸುಮ್ಮನಿರಲಾರೆ. ನನಗೆ ಅರವತ್ತು ದಾಟಿದೆ, ಮೇಷ್ಟ್ರಾಗಿದ್ದವನು.

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ವೀರಣ್ಣನವರು ಅದನ್ನು ನಾಡಿಗೇ ದೊಡ್ಡ ಕಂಪನಿ ಮಾಡಿದರು. ಆ ಕಾಲದ ನಟ ಎಂದರೆ ಹಾಡುಗಾರನೂ ಹೌದು. ಹಾಡು ಬರದವರಿಗೆ ದೊಡ್ಡ ಪಾರ್ಟು ಸಿಗುತ್ತಿರಲಿಲ್ಲ. 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದಾಗಲೂ ನಾಟಕದವರೇ ನಟಿಸಿದರು, ತಮ್ಮ ಹಾಡು ತಾವೇ ಹಾಡಿದರು. ಹಿನ್ನೆಲೆ ಗಾಯನ ಬಂದಿದ್ದು ಆಮೇಲೆ. ಆಗ ಮುಖ ಒಬ್ಬರದು, ದನಿ ಇನ್ನೊಬ್ಬರದು ಆಯಿತು.

ಈಗ ರಾಜ್‌ಕುಮಾರ್ ಅವರನ್ನು ನೋಡಿ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಅಣ್ಣಾವ್ರೂ ಅಲ್ಲೇ ಬೆಳೆದವರು. ನಿಮ್ಮಪ್ಪ ಹೇಳುವ ಕೊನೇ ಸಾಲಿನ ದನಿ ಅವರಿಗೆ ಮನೆಯಿಂದಲೇ ಬಂದಿತ್ತು. ಅಂಥವರು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. ಆಮೇಲೆ ಇಪ್ಪತ್ತು ವರ್ಷ, ಎಲ್ಲೋ ಒಂದೆರಡು ಹಾಡು ಬಿಟ್ಟರೆ, ಬೇರೆಯವರ ದನಿಗೆ ತುಟಿ ಆಡಿಸಿದರು. ಅದರಲ್ಲಿ ಜಾಸ್ತಿ ಪಾಲು ಪಿ.ಬಿ.ಎಸ್. ಅವರದು. ಶರೀರ ಒಬ್ಬರದು, ಶಾರೀರ ಒಬ್ಬರದು ಅಂತ ಜನ ಹೇಳುತ್ತಿದ್ದ ಜೋಡಿ ಅದು. ಕಂಚಿನ ಕಂಠದ ನಟನಿಗೆ ಈ ಮೆತ್ತಗಿನ ದನಿ ಹೇಗೆ ಹೊಂದಿತು? ನನ್ನ ಲೆಕ್ಕದಲ್ಲಿ ಅಣ್ಣಾವ್ರ ಮಾತು ನಾಟಕದಿಂದ ಬಂದಿತ್ತು, ಅವರ ಕಣ್ಣಿನ ನಾಚಿಕೆಗೆ ಮಾತ್ರ ಪಿ.ಬಿ.ಎಸ್. ದನಿ ಬೇಕಿತ್ತು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಅವರು ಅಣ್ಣಾವ್ರಿಂದಲೇ ಎಮ್ಮೆಯ ಹಾಡು ಹಾಡಿಸಿದರು. ನಾನು ಆಗ ಹೈಸ್ಕೂಲು ಹುಡುಗ. ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದೆ. ದನಿ ಬೇರೆ ಅಂತ ಮೊದಲ ಸಾಲಿಗೇ ಎಲ್ಲರಿಗೂ ಗೊತ್ತಾಯಿತು. ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ‘ಜೀವನಚೈತ್ರ’ ಚಿತ್ರದ ತೋಡಿ ರಾಗದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. 1992ರ ಚಿತ್ರ, ಉಪೇಂದ್ರ ಕುಮಾರ್ ಸಂಗೀತ. ಗುಬ್ಬಿ ಕಂಪನಿಯ ದನಿ ಅಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮ್ಮಪ್ಪನಿಗೆ ಹೇಳಿ, ಸಂತೋಷ ಪಡುತ್ತಾರೆ.

ಆದರೆ ಅದರಿಂದ ಪಿ.ಬಿ.ಎಸ್. ಚಿಕ್ಕವರಾಗುವುದಿಲ್ಲ. 1972ರ ‘ನಾಗರಹಾವು’ ನೆನಪು ಮಾಡಿಕೊಳ್ಳಿ. ಒಬ್ಬನೇ ಹುಡುಗ, ವಿಷ್ಣುವರ್ಧನ್. ರೋಷಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ, ಪ್ರೀತಿಗೆ ಪಿ.ಬಿ.ಎಸ್. ದನಿ. ವಿಜಯಭಾಸ್ಕರ್ ಅವರಿಗೆ ಎರಡೂ ಬೇಕಾಯಿತು. ನೋಡುತ್ತಾ ಕೂತ ನಮಗೆ ಎರಡು ದನಿ ಅಂತ ಅನ್ನಿಸಲೇ ಇಲ್ಲ.

ಕಡಬ ಕೆರೆ ಏರಿ:

ಮೇಷ್ಟ್ರೇ, ಕೈ ಮುಗಿದೆ. ಅಪ್ಪ ನಿಮ್ಮ ಬರಹವನ್ನು ಎರಡು ಸಲ ಓದಿಸಿಕೊಂಡರು. ‘ಕಣ್ಣಿನ ನಾಚಿಕೆ’ ಅನ್ನುವಲ್ಲಿ ನಿಲ್ಲಿಸಿ ಅಂದರು. ಆಮೇಲೆ ಎದ್ದು ಹೊರಗೆ ಹೋದರು.

ಶಿರಾ ಕಡೆಯವ:

ಎಲ್ಲರೂ ಸ್ಟೇಜು, ಮೈಕ್ ಎರಡರಲ್ಲೇ ಇದ್ದೀರಿ. ಮೂರನೆಯದು ಒಂದಿದೆ, ಬಯಲು.

ನಮ್ಮ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಕಥೆ ಹಾಡುತ್ತಾರೆ. ಕೈಯಲ್ಲಿ ಗಣೆ ಇರುತ್ತದೆ. ಗಣೆ ಅಂದರೆ ಬಿದಿರಿನ ಉದ್ದನೆಯ ಕೊಳಲು, ಸಾಮಾನ್ಯ ಕೊಳಲಿಗಿಂತ ತುಂಬಾ ಉದ್ದ, ಅದಕ್ಕೇ ಅದರ ಸದ್ದು ಆಳ. ಒಂದಷ್ಟು ಊದುತ್ತಾರೆ, ಒಂದಷ್ಟು ಹಾಡುತ್ತಾರೆ. ರಾತ್ರಿ ಇಡೀ. ಕುರಿ ಹಿಂಡಿನ ಜೊತೆ ಬಯಲಿನಲ್ಲಿ ಬೆಳೆದ ದನಿ ಅದು. ಒಂದು ದಿಣ್ಣೆಯಿಂದ ಇನ್ನೊಂದು ದಿಣ್ಣೆಗೆ ಕರೆದು ಅಭ್ಯಾಸ ಆಗಿರುತ್ತದೆ. ಆದರೆ ಕಥೆ ಹಾಡಲು ಕೂತಾಗ ಕೂಗುವುದಿಲ್ಲ. ಗಣೆಯ ಸದ್ದು ಎಷ್ಟಿದೆಯೋ ಅಷ್ಟಕ್ಕೇ ದನಿ ಇಳಿಸುತ್ತಾರೆ. ಗಣೆ ಎಲ್ಲಿ ನಿಂತಿತು, ಗಂಟಲು ಎಲ್ಲಿ ಶುರುವಾಯಿತು ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ. ನಮ್ಮ ತಾತ ಹಾಗೆ ಹಾಡುತ್ತಿದ್ದರು. ನನ್ನ ಹತ್ತಿರ ಒಂದು ರೆಕಾರ್ಡಿಂಗ್ ಕೂಡ ಇಲ್ಲ. ಫೋನ್ ಕೈಗೆ ಬರುವ ಹೊತ್ತಿಗೆ ಅವರು ಹೋಗಿದ್ದರು.

ನಿಮ್ಮಪ್ಪ ಕಲಿಸುವುದನ್ನು ದಯವಿಟ್ಟು ರೆಕಾರ್ಡ್ ಮಾಡಿಡಿ ಅಕ್ಕ. ಇದೊಂದೇ ನಾನು ಹೇಳುವುದು.

ರೇಷ್ಮೆಗೂಡು, ಶಿಡ್ಲಘಟ್ಟ:

ಹೆಂಗಸರ ದನಿಯ ಬಗ್ಗೆ ಇನ್ನೂ ಯಾರೂ ಮಾತಾಡಲಿಲ್ಲವಲ್ಲ! ನಾನು ಮಾತಾಡುತ್ತೇನೆ.

ನಮ್ಮದು ನೂಲು ಬಿಚ್ಚುವ ಮನೆ. ಕುದಿಯುವ ನೀರು, ಮಿಷನ್ ಸದ್ದು, ಬೆಳಗಿನಿಂದ ಸಂಜೆ ತನಕ. ಮೂಲೆಯಲ್ಲಿ ಒಂದು ರೇಡಿಯೋ ಇತ್ತು. ಆ ಸದ್ದಿನಲ್ಲಿ ಎಷ್ಟೋ ಗಾಯಕರ ಮಾತು ತಿಳಿಯುತ್ತಿರಲಿಲ್ಲ, ಬರೀ ರಾಗ ಕೇಳುತ್ತಿತ್ತು. ಎಸ್. ಜಾನಕಿ ಅಮ್ಮ ಹಾಡಿದರೆ ಮಾತ್ರ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು. ಅವರ ದನಿ ದಪ್ಪ ಅಲ್ಲ. ನೂಲಿನ ಎಳೆ ಇದ್ದ ಹಾಗೆ. ತೆಳ್ಳಗೆ ಇರುತ್ತದೆ, ತುಂಡಾಗುವುದಿಲ್ಲ.

ಅವರು ಚಿಕ್ಕಂದಿನಲ್ಲಿ ಪೈಡಿಸ್ವಾಮಿ ಅನ್ನುವ ನಾಗಸ್ವರ ವಿದ್ವಾಂಸರ ಹತ್ತಿರ ಕಲಿತವರು. ಓದಿದಾಗ ನನಗೆ ಎಲ್ಲ ಅರ್ಥವಾದ ಹಾಗಾಯಿತು. ನಮ್ಮ ಕೋಲಾರ ಸೀಮೆಯಲ್ಲಿ ಹುಟ್ಟಿದವರಿಗೆ ಓಲಗ ಹೊಸದಲ್ಲ. ನಾಗಸ್ವರ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತದೆ. ನಡುವಿನ ದಾರಿಯೇ ಸೊಗಸು. ಜಾನಕಿ ಅಮ್ಮನ ಹಾಡಿನಲ್ಲಿ ಆ ಜಾರು ಇದೆ. 1977ರ ‘ಹೇಮಾವತಿ’ ಚಿತ್ರಕ್ಕೆ ಎಲ್. ವೈದ್ಯನಾಥನ್ ಸಂಗೀತದಲ್ಲಿ ತೋಡಿ, ಆಭೋಗಿ ಎರಡನ್ನೂ ಒಂದೇ ಹಾಡಿನಲ್ಲಿ ಹಾಡಿದ್ದಾರೆ. ರಾಗ ಬದಲಾಗುವ ಜಾಗವನ್ನು ಗಮನಿಸಿ ಕೇಳಿ. ಓಲಗದವರು ಹಾಗೇ ತಿರುಗುತ್ತಾರೆ.

ಇನ್ನೊಂದು ವಿಷಯ, ನನಗೆ ಇದು ತುಂಬಾ ಹತ್ತಿರದ್ದು. ನಮ್ಮ ಮನೆಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆ ಬೇಕಾದಷ್ಟು ಮನೆಗಳು ಹೀಗೆ. ಶಾಲೆಯಲ್ಲಿ ಕನ್ನಡ, ಅಡುಗೆ ಮನೆಯಲ್ಲಿ ತೆಲುಗು. ಈಗ ನೋಡಿ. ಪಿ.ಬಿ.ಎಸ್. ಕಾಕಿನಾಡದವರು. ಜಾನಕಿ ಅಮ್ಮ ಗುಂಟೂರು ಸೀಮೆಯವರು. ಪಿ. ಸುಶೀಲ ವಿಜಯನಗರಂ ಕಡೆಯವರು. ಎಸ್.ಪಿ.ಬಿ. ನೆಲ್ಲೂರು ಕಡೆಯವರು. ಇವರ್ಯಾರ ತಾಯಿನುಡಿಯೂ ಕನ್ನಡ ಅಲ್ಲ. ಆದರೂ ಕನ್ನಡದ ಅಕ್ಷರಕ್ಕೆ ಒಂದು ಗೀರು ಬೀಳದಂತೆ ಹಾಡಿದರು. ಶಾಲೆಯಲ್ಲಿ ನನ್ನ ಕನ್ನಡ ಕೇಳಿ ಬೇರೆ ಮಕ್ಕಳು ನಕ್ಕಿದ್ದುಂಟು. ಮನೆಗೆ ಬಂದು ಈ ಹಾಡುಗಳ ಜೊತೆ ಸಾಲು ಸಾಲಾಗಿ ಹಾಡಿ ಉಚ್ಚಾರ ತಿದ್ದಿಕೊಂಡೆ. ಪ್ರಭಾವ ಅಂದರೆ ದೊಡ್ಡ ಗಾಯಕರ ಮೇಲೆ ಆಗುವುದು ಮಾತ್ರ ಅಲ್ಲ. ನನ್ನ ನಾಲಿಗೆಯ ಮೇಲೆ ಆಗಿದೆ.

ಕಲ್ಪತರು, ತಿಪಟೂರು:

ರೇಷ್ಮೆಗೂಡು ಮೇಡಂ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ನನಗೊಂದು ನೋವಿದೆ, ಹೇಳಿಬಿಡುತ್ತೇನೆ. ಹಾಡು ಎಂದರೆ ನಾವು ಸಿನಿಮಾ ಹಾಡು ಅಂತಲೇ ತಿಳಿದುಕೊಂಡಿದ್ದೇವೆ.

ನಮ್ಮ ತಿಪಟೂರು ಸೀಮೆಯಲ್ಲಿ ಮೂಡಲಪಾಯ ಯಕ್ಷಗಾನ ಇದೆ. ಕೋನೇಹಳ್ಳಿ, ಅರಳಗುಪ್ಪೆ ಹೆಸರು ಕೇಳಿರಬಹುದು. ಕರಾವಳಿಯ ಆಟ ಎಲ್ಲರಿಗೂ ಗೊತ್ತು, ಬಯಲುಸೀಮೆಯ ಆಟ ನಮ್ಮವರಿಗೇ ಗೊತ್ತಿಲ್ಲ. ಭಾಗವತರು ತಾಳ ಹಿಡಿದು ಹಾಡಬೇಕು, ಜೊತೆಗೆ ಮದ್ದಳೆ, ಮುಖವೀಣೆ. ಮುಖವೀಣೆ ಅಂದರೆ ಊದುವ ವಾದ್ಯ, ಗಾತ್ರದಲ್ಲಿ ಚಿಕ್ಕದು, ಸದ್ದು ಮಾತ್ರ ಕಿವಿ ಕೊರೆಯುವಷ್ಟು ಮೊನಚು. ಅದರ ಜೊತೆ ಇಡೀ ರಾತ್ರಿ ದನಿ ನಿಲ್ಲಬೇಕು. ವೇಷದವರು ಕುಣಿದು ದಣಿದು ಕೂರುತ್ತಾರೆ, ಭಾಗವತರು ಕೂರುವ ಹಾಗಿಲ್ಲ. ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಸುತ್ತಿ ಈ ಕಲೆಯ ಬಗ್ಗೆ ಬರೆಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಈ ಭಾಗವತರ ಪ್ರಭಾವ ಯಾರ ಮೇಲಾಯಿತು ಅಂತ ಯಾರೂ ಕೇಳುವುದಿಲ್ಲ. ನಮ್ಮೂರ ಭಜನೆಯ ಏರುದನಿ ಅಲ್ಲಿಂದಲೇ ಬಂದಿದೆ ಅಂತ ನನಗೆ ಖಾತ್ರಿ ಇದೆ.

ಸುಗಮ ಸಂಗೀತದವರನ್ನೂ ಇಲ್ಲಿ ಯಾರೂ ನೆನೆಯಲಿಲ್ಲ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ, ‘ಕಾಡು ಕುದುರೆ’ ಚಿತ್ರದ ಹಾಡಿಗೆ. ಮೈಸೂರು ಅನಂತಸ್ವಾಮಿ ಮೆಲ್ಲಗೆ ಬಿಡಿಸಿದರೆ ಸಿ. ಅಶ್ವತ್ಥ್ ಎದೆ ತೆರೆದು ಹಾಡಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆದಾಗ ನಾನಿದ್ದೆ. ಸಿನಿಮಾ ತಾರೆಗಳಿಗಾಗಿ ಅಲ್ಲ, ಕವಿತೆ ಕೇಳಲು ಅಷ್ಟು ಜನ ಸೇರಿದ್ದನ್ನು ಮತ್ತೆ ನಾನು ನೋಡಲಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ:

ನೀವು ಹೇಳಿದ್ದು ಸರಿ ಅಣ್ಣ. ನಮ್ಮ ಕಡೆಯದೂ ಸೇರಿಸಿಬಿಡುತ್ತೇನೆ. ಕೈವಾರದ ತಾತಯ್ಯನವರ ತತ್ವಪದ ತೆಲುಗಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಬಿಡದೆ ಸಂಗೀತ ನಡೆಯುತ್ತದೆ. ವಿದ್ವಾಂಸರೂ ಬರುತ್ತಾರೆ, ಹಳ್ಳಿಯ ಭಜನೆ ತಂಡಗಳೂ ಬರುತ್ತವೆ. ಒಂದು ಸಲ ರಾತ್ರಿ ಮೂರು ಗಂಟೆ ಹೊತ್ತಿಗೆ ವಯಸ್ಸಾದ ಒಬ್ಬ ಅಜ್ಜಿ ಹಾಡಿದ್ದು ಕೇಳಿದೆ. ಶ್ರುತಿ ಸ್ವಲ್ಪ ಆಚೀಚೆ ಆಗುತ್ತಿತ್ತು. ಯಾರೂ ಎದ್ದು ಹೋಗಲಿಲ್ಲ. ಆ ಪದದ ಅರ್ಥ ಅವರಿಗೆ ಗೊತ್ತಿದೆ ಅನ್ನುವುದು ದನಿಯಲ್ಲೇ ಇತ್ತು.

ಟೌನ್‌ಹಾಲ್ ಸರ್ಕಲ್, ತುಮಕೂರು:

ಪ್ರಭಾವದ ಮಾತು ಬಂದಿದ್ದರಿಂದ ನನ್ನ ಮನಸ್ಸಿನದು ಹೇಳುತ್ತೇನೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಆರ್ಕೆಸ್ಟ್ರಾದವರಿಗೆ ಜನ ಚೀಟಿ ಕಳಿಸುತ್ತಾರೆ. ಅಣ್ಣಾವ್ರ ಹಾಡು, ಎಸ್.ಪಿ.ಬಿ. ಹಾಡು. ಹಾಡು ಅಷ್ಟೇ ಅಲ್ಲ, ಅವರ ಹಾಗೇ ಹಾಡಬೇಕು. ಎಸ್.ಪಿ.ಬಿ. ನಗುವ ಜಾಗದಲ್ಲಿ ನಗಬೇಕು. ನಾನು ಕಲಿತೆ. ಕಣ್ಣು ಮುಚ್ಚಿದರೆ ಅವರೇ ಅನ್ನುವಷ್ಟು ಕಲಿತೆ. ಅದರಿಂದಲೇ ಮನೆ ನಡೆಯಿತು, ತಂಗಿಯ ಓದು ಮುಗಿಯಿತು. ಆಮೇಲೆ ಒಂದು ಟಿ.ವಿ. ಸ್ಪರ್ಧೆಯ ಆಯ್ಕೆಗೆ ಹೋದೆ. ಎರಡು ಸಾಲು ಹಾಡಿದ ಮೇಲೆ, ‘ಇದು ಅವರ ದನಿ, ನಿನ್ನ ದನಿ ಎಲ್ಲಿ’ ಅಂತ ಕೇಳಿ ಕಳಿಸಿಬಿಟ್ಟರು. ಬಸ್ಸಿನಲ್ಲಿ ತುಮಕೂರು ತನಕ ಅದೇ ಯೋಚನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಹಾಡಿ ನೋಡಿದೆ. ನಿಜವಾಗಿಯೂ ನನ್ನದು ಯಾವುದು ಅಂತ ಗೊತ್ತಾಗಲಿಲ್ಲ.

ಯಾರ ಹಾಗೆ ಹಾಡಿ ಹೊಟ್ಟೆ ತುಂಬಿತೋ ಅವರನ್ನೇ ಗಂಟಲಿನಿಂದ ಬಿಡಿಸಿಕೊಳ್ಳುವುದು ಹೇಗೆ?

ಕೋಟೆ ಬೀದಿ, ಕೋಲಾರ:

ಬಿಡಿಸಿಕೊಳ್ಳಬೇಡಪ್ಪ. ಯಾಕೆ ಬಿಡಿಸಿಕೊಳ್ಳಬೇಕು? ಎಸ್.ಪಿ.ಬಿ. ಅವರೇ ಮಹಮ್ಮದ್ ರಫಿ ಅಂದರೆ ಜೀವ ಬಿಡುತ್ತಿದ್ದರು, ಎಲ್ಲ ಕಡೆ ಹೇಳುತ್ತಿದ್ದರು. ಅವರ ಹಾಡಿನಲ್ಲಿ ರಫಿ ಸಾಹೇಬರ ನೆರಳು ಹುಡುಕಿದರೆ ಸಿಗುತ್ತದೆ, ಆದರೆ ಕೇಳುವಾಗ ಎಸ್.ಪಿ.ಬಿ.ಯೇ ಕಾಣುತ್ತಾರೆ. ಇಳಯರಾಜ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದರು. ಆ ಕಾಲದ ಕೆಲಸ ಅವರ ಒಳಗೆ ಎಲ್ಲೋ ಉಳಿದಿದೆ. ಗುರುವಿನಿಂದ ಬಂದದ್ದು ಸಾಲ ಅಲ್ಲ.

ಒಂದು ಕೆಲಸ ಮಾಡು. ಯಾರೂ ರೆಕಾರ್ಡ್ ಮಾಡದ ಹಾಡು ಹಿಡಿ. ನಿಮ್ಮಜ್ಜಿ ಹೇಳುತ್ತಿದ್ದ ಸೋಬಾನೆ ಪದ, ರಾಗಿ ಬೀಸುವ ಪದ, ಯಾವುದಾದರೂ. ಅದಕ್ಕೆ ಅಣ್ಣಾವ್ರ ಮಾದರಿ ಇಲ್ಲ, ಎಸ್.ಪಿ.ಬಿ. ಮಾದರಿ ಇಲ್ಲ. ಆಗ ಗಂಟಲು ಏನು ಮಾಡುತ್ತದೆಯೋ ಅದು ನಿನ್ನದು.

ಅಂತರಗಂಗೆ ಹಾದಿ, ಕೋಲಾರ:

ಮೇಷ್ಟ್ರು ಹೇಳಿದಂಥ ಹಾಡು ಹಾಡಲು ಜಾಗ ನಮ್ಮ ಹತ್ತಿರವೇ ಇದೆ ತಮ್ಮ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ್ದು. ಅಲ್ಲಿ ‘ಹುಣ್ಣಿಮೆ ಹಾಡು’ ಅಂತ ನಡೆಸುತ್ತಾರೆ. ಬಂಡೆಗಳ ನಡುವೆ ಹಾಡಿದರೆ ನಿಮ್ಮ ದನಿ ನಿಮಗೇ ವಾಪಸ್ ಕೇಳುತ್ತದೆ. ಅದಕ್ಕಿಂತ ಒಳ್ಳೆ ಮಾನಿಟರ್ ಬೇಕಾ?

ಕೋಲಾರ ಜಿಲ್ಲೆಯ ಹಾಡು ಅಂದರೆ ನನಗೆ ಮೊದಲು ನೆನಪಾಗುವುದು ಹೋರಾಟದ ಹಾಡು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಇವರನ್ನೆಲ್ಲ ಕೇಳುತ್ತಾ ಬೆಳೆದವನು ನಾನು. ಆ ಹಾಡಿನಲ್ಲಿ ಒಬ್ಬರು ಶುರು ಮಾಡುತ್ತಾರೆ, ನೂರು ಜನ ಮುಗಿಸುತ್ತಾರೆ. ಜನ ಎತ್ತಿಕೊಳ್ಳಲಿ ಅಂತ ಮೊದಲ ಸಾಲಿನ ಕೊನೆಗೆ ಜಾಗ ಬಿಟ್ಟು ಹಾಡಬೇಕು. ಅದನ್ನು ಯಾವ ಸ್ಪರ್ಧೆಯಲ್ಲೂ ಅಳೆಯುವುದಿಲ್ಲ. ಪಕ್ಕದಲ್ಲಿ ತಮಟೆ. ಶಿಡ್ಲಘಟ್ಟದ ಮೇಡಂಗೆ ಗೊತ್ತಿರುತ್ತದೆ, ಅವರ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಬಂದ ದಿನ ನಮ್ಮ ಕೇರಿಯಲ್ಲಿ ಹಬ್ಬ. ತಮಟೆ ಬೆಂಕಿಗೆ ಕಾಯಿಸಿ ಬಾರಿಸಿದರೆ ಅದರ ಮೇಲೆ ದನಿ ಎತ್ತುವುದು ಸುಲಭ ಅಲ್ಲ. ಕಡಬದ ಅಕ್ಕ, ನಿಮ್ಮಪ್ಪನವರಿಗೆ ಈ ದನಿ ಖಂಡಿತ ಇಷ್ಟ ಆಗುತ್ತದೆ.

ಕಿವಿಮಾತು, ತುಮಕೂರು:

ದನಿ ಎತ್ತುವ ಮಾತು ಬಂದಿದ್ದಕ್ಕೆ ಒಂದು ವಿಷಯ. ಕಡಬದವರೇ, ಅಪ್ಪನ ದನಿ ಒಡೆಯುತ್ತದೆ ಅಂದಿರಿ. ಗಂಟಲು ಕಟ್ಟಿದ್ದು ಮೂರು ವಾರ ಆದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಬೇಕು. ಎರಡು ವರ್ಷ ಅಂದರೆ ತಡ ಆಗಿದೆ. ಮೇಷ್ಟ್ರುಗಳು, ನಾಟಕದವರು, ಸಂತೆಯಲ್ಲಿ ಕೂಗಿ ಮಾರುವವರು ಇವರಿಗೆಲ್ಲ ಧ್ವನಿತಂತುಗಳ ಮೇಲೆ ಸಣ್ಣ ಗಂಟು ಬರುವುದುಂಟು. ಬಹಳ ಸಲ ದನಿಗೆ ವಿಶ್ರಾಂತಿ ಕೊಟ್ಟು, ಹಾಡುವ ರೀತಿ ತಿದ್ದಿಕೊಂಡರೆ ಸರಿ ಹೋಗುತ್ತದೆ. ವಯಸ್ಸಿಗೂ ದನಿ ತೆಳುವಾಗುತ್ತದೆ. ಯಾವುದು ಅಂತ ನೋಡಿಯೇ ಹೇಳಬೇಕು. ನೀರು ಜಾಸ್ತಿ ಕುಡಿಯಲಿ. ಪಿಸುಗುಟ್ಟಿ ಮಾತಾಡಿದರೆ ಗಂಟಲಿಗೆ ವಿಶ್ರಾಂತಿ ಅಂತ ತಿಳಿಯಬೇಡಿ, ಅದರಲ್ಲೂ ಆಯಾಸ ಇದೆ.

ಕಡಬ ಕೆರೆ ಏರಿ:

ಹತ್ತು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ.

ಮೇಡಂ ಹೇಳಿದ ಮೇಲೆ ಅಪ್ಪನನ್ನು ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೊಡ್ಡ ತೊಂದರೆ ಏನೂ ಇಲ್ಲ ಅಂದರು, ದೇವರು ದೊಡ್ಡವನು. ಆರು ವಾರ ಏರುದನಿಯಲ್ಲಿ ಹಾಡುವ ಹಾಗಿಲ್ಲ. ಈ ಸಲದ ಕುರುಕ್ಷೇತ್ರಕ್ಕೆ ಅಪ್ಪ ಹಾರ್ಮೋನಿಯಂ ನುಡಿಸುತ್ತಾರೆ, ಪದ್ಯ ಹೇಳಿಕೊಡುವುದು ಅವರ ಶಿಷ್ಯ. ಶಿರಾ ಅಣ್ಣ, ಅಭ್ಯಾಸವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಇಲ್ಲಿಯ ತನಕ ಹದಿನಾಲ್ಕು ಪದ್ಯ ಆಗಿದೆ.

ನಿನ್ನೆ ರಾತ್ರಿ ನಡೆದದ್ದು ಹೇಳಬೇಕು. ಎಲ್ಲರೂ ಮಲಗಿದ ಮೇಲೆ ಹಾರ್ಮೋನಿಯಂ ಸದ್ದು ಕೇಳಿತು. ಎದ್ದು ನೋಡಿದೆ. ಅಪ್ಪ ಅವರ ಮಾಮೂಲಿ ಕಪ್ಪು ಮೂರನೇ ಮನೆ ಬಿಟ್ಟು ಬಿಳಿ ಒಂದನೇ ಮನೆಗೆ ಶ್ರುತಿ ಇಳಿಸಿಕೊಂಡು, ಅವತ್ತು ನಾನು ಹಾಕಿದ್ದ ಪಿ.ಬಿ.ಎಸ್. ಹಾಡನ್ನು ಮೆಲ್ಲಗೆ ಹಾಡುತ್ತಿದ್ದರು. ಪಲ್ಲವಿ ಬಂತು. ಎರಡನೇ ಸಾಲಿನ ನಡುವೆ ಉಸಿರು ಸಾಲದೆ ನಿಂತರು. ಮತ್ತೆ ಶುರು, ಮತ್ತೆ ಅಲ್ಲೇ ನಿಂತರು. ನನ್ನನ್ನು ನೋಡಿ, “ಫೋನ್ ತಗೊಂಬಾ” ಅಂದರು. ಆ ಒಂದು ಸಾಲನ್ನು ಏಳೆಂಟು ಸಲ ಹಾಕಿಸಿದರು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು.

ಆಮೇಲೆ ಒಂದೇ ಪ್ರಶ್ನೆ. “ಇವರು ಉಸಿರು ತಗೊಂಡಿದ್ದು ಎಲ್ಲಿ?”

ನನಗೆ ಸಿಗಲಿಲ್ಲ. ಇಲ್ಲಿ ಹಾಡುವವರು ಇದ್ದೀರಿ. ಯಾರಾದರೂ ಹೇಳುತ್ತೀರಾ?

ಟೌನ್‌ಹಾಲ್ ಸರ್ಕಲ್, ತುಮಕೂರು:

ಅಕ್ಕ, ಯಾವ ಹಾಡು ಅಂತ ನನಗೆ ಕಳಿಸಿ. ಹೆಡ್‌ಫೋನ್ ಹಾಕಿಕೊಂಡು ಇವತ್ತು ರಾತ್ರಿ ಕೇಳುತ್ತೇನೆ. ಭಾನುವಾರ ಪ್ರೋಗ್ರಾಮ್ ಇಲ್ಲ, ಅಪ್ಪಾಜಿ ಒಪ್ಪಿದರೆ ಕಡಬಕ್ಕೆ ಬರುತ್ತೇನೆ. ನಮ್ಮಜ್ಜಿಯ ಪದ ಎರಡು ಸಿಕ್ಕಿವೆ. ಅದಕ್ಕೆ ಶ್ರುತಿ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಅವರನ್ನು ಕೇಳಬೇಕು.